ತೊಡೆಯ ಆಪರೇಷನ್ನೂ ಒಂದು ಟಿಕ್ಕೂ

ಈ ವಾರ ನನ್ನ ತೊಡೆಗಳ ಬಗ್ಗೆ ಬರೆಯುತ್ತಿದ್ದೇನೆ. ಮುಖ ಸಿಂಡರಿಸಬೇಡಿ. ನನ್ನ ಮಂಡಿನೋವು, ಬಿಪಿ, ಉದುರುವ ಕೂದಲು ಎಲ್ಲವನ್ನೂ ಓದಿದ್ದೀರಿ. ತೊಡೆ ಏನು ಪಾಪ ಮಾಡಿದೆ?

ಎರಡು ವರ್ಷದ ಹಿಂದೆ ನನಗೆ ಷುಗರ್ ಬಂತು. ಡಾಕ್ಟರ್ ಹೆದರಿಸಿದರು. ಅನ್ನ ಕಡಿಮೆ ಮಾಡಿದೆ, ದಿನಾ ಬೆಳಗ್ಗೆ ನಡೆದೆ, ಇಪ್ಪತ್ತೆಂಟು ಕಿಲೋ ಇಳಿದೆ. (ನಂಬದಿದ್ದರೆ ನನ್ನ ಹಳೆಯ ರವಿಕೆಗಳನ್ನು ತೋರಿಸುತ್ತೇನೆ.) ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. ಒಳತೊಡೆಯಲ್ಲಿ ಖಾಲಿ ಚೀಲದ ಹಾಗೆ ಜೋತುಬಿತ್ತು. ವಿಶಾಖಪಟ್ಟಣದ ಬೆವರಿಗೆ ಒಂದಕ್ಕೊಂದು ಉಜ್ಜಿ ಹುಣ್ಣಾಯಿತು. ಗಾಜುವಾಕದ ನಮ್ಮ ಬ್ಯಾಂಕಿನಲ್ಲಿ ಕುರ್ಚಿಯಿಂದ ಏಳುವಾಗ ಹಲ್ಲು ಕಚ್ಚುತ್ತೇನೆ. ನಡೆಯುವುದು ನಿಂತರೆ ಷುಗರ್ ಮತ್ತೆ ಏರುತ್ತದೆ. ಹಾಗಾಗಿ ಇದು ಚಂದದ ಪ್ರಶ್ನೆಯಲ್ಲ, ಕಾಲಿನ ಪ್ರಶ್ನೆ.

ಇದಕ್ಕೆ ಥೈ ಲಿಫ್ಟ್ ಎಂಬ ಆಪರೇಷನ್ ಇದೆಯಂತೆ. ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯುತ್ತಾರೆ. ಮಧುರವಾಡದ ಒಂದು ಹೊಸ ಕ್ಲಿನಿಕ್ಕಿಗೆ ಮಗಳು ಸಹನಾಳನ್ನು ಕರೆದುಕೊಂಡು ಹೋದೆ. ನಾವು ಧಾರವಾಡದವರಾದರೂ ಅವಳು ಬೆಳೆದದ್ದೆಲ್ಲ ಆಂಧ್ರದಲ್ಲೇ. ಅವಳ ಕನ್ನಡದ ಬಾಲಕ್ಕೆ ತೆಲುಗಿನ 'ಕದಾ' (ನಮ್ಮ 'ಅಲ್ಲವಾ') ಅಂಟಿಕೊಂಡಿರುತ್ತದೆ.

ನಮ್ಮನ್ನು ಕೂರಿಸಿದ್ದು ಡಾಕ್ಟರಲ್ಲ, ಕೌನ್ಸೆಲರ್ ಅಂತೆ. ಇಸ್ತ್ರಿ ಮಾಡಿದ ನಗು. "ಸಾರ್ ಆಪರೇಷನ್ ದಿನ ಬರ್ತಾರೆ ಮೇಡಂಗಾರೂ." ಒಂದು ಆಲ್ಬಮ್ ತೆರೆದಳು. ಆಪರೇಷನ್ನಿಗೆ ಮೊದಲಿನ ಫೋಟೋಗಳಲ್ಲಿ ಟ್ಯೂಬ್‌ಲೈಟ್, ಸಪ್ಪೆ ಮುಖ. ಆಮೇಲಿನ ಫೋಟೋಗಳಲ್ಲಿ ಹೊಂಬೆಳಕು, ಲಿಪ್‌ಸ್ಟಿಕ್, ಮಂಡಿಯವರೆಗೆ ಚಡ್ಡಿ. ಅಲ್ಲಾ, ಹೊಲಿಗೆ ಇರುವ ಜಾಗವನ್ನೇ ಮುಚ್ಚಿ ಏನನ್ನು ತೋರಿಸುತ್ತಿದ್ದಾರೆ?

"ಗುರುತು ಉಳಿಯುತ್ತಾ?" ಎಂದೆ.

"ಚಾಲಾ ಸಣ್ಣದು. ಪರ್ವಾಲೇದು." ತುಂಬಾ ಸಣ್ಣದು, ಪರವಾಗಿಲ್ಲವಂತೆ.

"ಏನಾದರೂ ತೊಂದರೆ ಆದರೆ?"

"ನೆಗೆಟಿವ್ ಯಾಕೆ ಯೋಚಿಸ್ತೀರಿ ಮೇಡಂ? ಆಫರ್ ಈ ಶನಿವಾರಕ್ಕೆ ಕ್ಲೋಸ್."

ನನ್ನ ಕಿವಿ ನಿಮಿರಿತು. ಈ ಡೈಲಾಗ್ ನನ್ನದು! ಮಾರ್ಚ್ ಬಂತೆಂದರೆ ಬ್ಯಾಂಕಿನ ಟಾರ್ಗೆಟ್ ಮುಟ್ಟಲು, ಗ್ರಾಹಕರಿಗೆ ಇನ್ಶೂರೆನ್ಸ್ ಪಾಲಿಸಿ ಮಾರಲು ನಾನೂ ಹೀಗೇ ನಗುತ್ತೇನೆ, ಹೀಗೇ ಅವಸರ ಮಾಡುತ್ತೇನೆ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

ಆದರೂ ಅವಳು ಫಾರಂ ಮುಂದಿಟ್ಟು "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದಾಗ ಪೆನ್ನು ತೆಗೆದೆ. (ಊರಿಗೆಲ್ಲ ಸಹಿ ಹಾಕಿಸುವವಳಿಗೆ ತಾನು ಓದುವ ಅಭ್ಯಾಸ ಇರುವುದಿಲ್ಲ.) ಸಹನಾ ಫಾರಂ ಎಳೆದುಕೊಂಡಳು.

"ಮಮ್ಮೀ, ಸಹಿ ಮಾಡಬ್ಯಾಡ. ನಿನಗ ಷುಗರ್ ಇಲ್ಲಂತ ಟಿಕ್ ಹಾಕ್ಯಾರ ಕದಾ!"

ಕೌನ್ಸೆಲರ್ ನಗು ಬಿಡಲಿಲ್ಲ. "ಅದು ಫಾರ್ಮಾಲಿಟಿ ಅಮ್ಮಾ. ಎಲ್ಲರಿಗೂ ಹಾಗೇ ಹಾಕ್ತೀವಿ."

ಎದ್ದು ಬಂದೆವು. ಮುಂದಿನ ವಾರ ವಿಜಯವಾಡದಲ್ಲಿ ಒಬ್ಬ ಹಿರಿಯ ಸರ್ಜನ್ನರನ್ನು ಕಂಡೆವು. ಅವರ ಮೊದಲ ಪ್ರಶ್ನೆಯೇ ಷುಗರ್. ಮೂರು ತಿಂಗಳ ಸರಾಸರಿ ಎಷ್ಟು? ತೂಕ ಎಷ್ಟು ತಿಂಗಳಿಂದ ನಿಂತಿದೆ? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದೆಯೇ? ಆಮೇಲೆ ಕಾಗದದ ಮೇಲೆ ತೊಡೆ ಬರೆದು, ಸಂದಿಯಿಂದ ಮಂಡಿಯ ಹತ್ತಿರದವರೆಗೆ ಗೆರೆ ಎಳೆದರು. ನನ್ನಷ್ಟು ಚರ್ಮ ಜೋತಿದ್ದರೆ ಗಾಯ ಇಷ್ಟುದ್ದ, ಗುರುತು ಜೀವನಪೂರ್ತಿ. ವಾರಗಟ್ಟಲೆ ಬಿಗಿ ಉಡುಪು. ಬೆವರುವ ಜಾಗವಾದ್ದರಿಂದ ಹೊಲಿಗೆ ಬಿಡಬಹುದು, ಕೀವಾಗಬಹುದು, ಕಾಲು ಊದಿಕೊಳ್ಳಬಹುದು. ಷುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಅಪಾಯ ಇನ್ನೂ ಜಾಸ್ತಿ.

"ಆರು ತಿಂಗಳು ತೂಕ, ಷುಗರ್ ಎರಡೂ ಹೀಗೇ ನಿಲ್ಲಲಿ. ಆಮೇಲೆ ಬನ್ನಿ. ಬರದಿದ್ದರೂ ಸರಿ," ಎಂದರು.

ಬರದಿದ್ದರೂ ಸರಿ ಎನ್ನುವ ಡಾಕ್ಟರನ್ನೂ ಸಂಶಯದಿಂದಲೇ ನೋಡಿದೆ. (ಇದೂ ಒಂದು ಟ್ರಿಕ್ ಇರಬಹುದೇ?) ಆಪರೇಷನ್ ಮಾಡಿಸಿಕೊಳ್ಳುತ್ತೇನಾ? ಇನ್ನೂ ಗೊತ್ತಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಸಹನಾ ಕೇಳಿದಳು: "ಮಮ್ಮೀ, ನಿಮ್ಮ ಪಾಲಿಸಿ ಫಾರ್ಮಿನ್ಯಾಗೂ ಷುಗರ್ ಕಾಲಮ್ ಇರ್ತದ ಕದಾ? ಅಲ್ಲಿ ಯಾರು ಟಿಕ್ ಹಾಕ್ತಾರ?"

ಹಾಕುವವಳು ನಾನೇ. ಟಾರ್ಗೆಟ್ ತಲೆಯ ಮೇಲೆ ಕೂತಿರುವಾಗ ಕಾಯಿಲೆ ಇದೆಯಾ ಎಂದು ಯಾರು ಕೇಳುತ್ತಾರೆ? ನನ್ನ ಫಾರಂಗಳಲ್ಲಿ ಇಡೀ ಗಾಜುವಾಕಕ್ಕೆ ಒಂದು ಕಾಯಿಲೆಯೂ ಇಲ್ಲ. ನಾಳೆ ಪಾಲಿಸಿ ಮಾಡಿಸಿದವರು ಸತ್ತು ಮನೆಯವರು ಕ್ಲೇಮಿಗೆ ಬಂದರೆ, ಷುಗರ್ ಮುಚ್ಚಿಟ್ಟಿದ್ದರು ಎಂದು ಕಂಪನಿ ದುಡ್ಡು ಕೊಡದೆ ಕೈ ಎತ್ತಬಹುದು.

ನೆನಪಾದದ್ದು ರಮಣಮ್ಮ. ನಮ್ಮ ಬ್ಯಾಂಕಿನ ಎದುರು ಇಡ್ಲಿ ಮಾರುವವಳು. ಕಳೆದ ಮಾರ್ಚಿನಲ್ಲಿ ಅವಳ ಪಾಲಿಸಿ ಬರೆಯುತ್ತ ಟೀ ತರಿಸಿದ್ದೆ. "ಚಕ್ಕೆರ ವದ್ದಮ್ಮಾ," ಸಕ್ಕರೆ ಬೇಡಮ್ಮ, ಎಂದಿದ್ದಳು. ಸಕ್ಕರೆಯಿಲ್ಲದ ಟೀ ಅವಳ ಕೈಗೆ ಕೊಟ್ಟು, ಷುಗರ್ 'ಇಲ್ಲ' ಎಂದು ಟಿಕ್ ಹಾಕಿದ್ದೆ. ನಾಚಿಕೆಯಾಯಿತು.

ಸೋಮವಾರ ಅವಳನ್ನು ಕರೆಸಿ, ಕಂಪನಿಗೆ ನಿಜ ಬರೆದು ತಿಳಿಸೋಣ, ತಪ್ಪು ನನ್ನದೇ ಎಂದೆ. ಅವಳಿಗೆ ನಗು ಬಂತು. ನೀವು ಓದಿದವರು, ನೀವು ಬರೆದದ್ದು ತಪ್ಪಾಗುತ್ತಾ ಅಮ್ಮಾ ಎಂದಳು. ತಿದ್ದುಪಡಿಯ ಫಾರಂ ಕೈಗೆ ಕೊಟ್ಟೆ. ಓದದೆ, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು.

ಓದುಗರೇ, ನೀವು ಮೊನ್ನೆ ಎಲ್ಲೋ ಸಹಿ ಹಾಕಿದಿರಲ್ಲ, ಆ ಫಾರಂನಲ್ಲಿ ನಿಮಗೆ ಯಾವ ಕಾಯಿಲೆ ಇಲ್ಲ ಎಂದು ಬರೆದಿತ್ತು?