ಹಿಂದಿನ ಖೋಲಿಯ ಚಾಚಿ

ಕಳೆದ ತಿಂಗಳು ನಮ್ಮೂರು ಬೈಲಹೊಂಗಲಕ್ಕೆ ಹೊರಟಿದ್ದೆ. ಕಿತ್ತೂರಿನ ಹತ್ತಿರ ಹೆದ್ದಾರಿಗೆ ಹೊಸ ಡಾಂಬರು ಹಾಕುತ್ತಿದ್ದರು. ಬಸ್ಸು ನಿಂತಿತು. ಬಿಸಿ ಡಾಂಬರಿನ ವಾಸನೆ ಕಿಟಕಿಯೊಳಗೆ ನುಗ್ಗಿದಾಗ ಪಕ್ಕದಾಕೆ ಮೂಗಿಗೆ ಸೆರಗು ಹಿಡಿದಳು. ನನಗೆ ನಮ್ಮ ಓಣಿಯ ಬಳೆಗಾರ ಚಾಚಿಯ ಮೊಣಕೈ ನೆನಪಾಯಿತು. ಆಕೆ ಹಚ್ಚಿಕೊಳ್ಳುತ್ತಿದ್ದ ಕಪ್ಪು ಮುಲಾಮಿಗೂ ಇದೇ ವಾಸನೆ...

ಚಾಚಿ ನಮ್ಮ ಪಕ್ಕದ ಮನೆಯವಳು. ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಪಡಸಾಲೆಯಲ್ಲಿ ಆಕೆಯ ಬಳೆ ಅಂಗಡಿ. ಎಂಥ ಬಿಗಿ ಕೈಯನ್ನೂ ಹಿಸುಕಿ ಮೆತ್ತಗೆ ಮಾಡಿ, ಮಾತಿನಲ್ಲಿ ಮರೆಸಿ, ಬಳೆ ಏರಿಸಿಬಿಡುತ್ತಿದ್ದಳು. ನನ್ನ ಅಕ್ಕನ ಸೀಮಂತದ ಕುಬಸಕ್ಕೆ ಹಸಿರು ಬಳೆ ಇಟ್ಟವಳೂ ಅವಳೇ.

ನಾನು ಮೆಡಿಕಲ್ ಎರಡನೆಯ ವರ್ಷದಲ್ಲಿದ್ದಾಗ ಆಕೆಯ ಮೊಣಕೈಗಳ ಮೇಲೆ ಬಿಳಿ ಹೊಟ್ಟೇಳುವ ಕೆಂಪು ಮಚ್ಚೆಗಳು ಬಂದವು. ಆಮೇಲೆ ಅಂಗೈಗಳು ದಪ್ಪಗಾಗಿ ಸೀಳಿದವು. ಬಳೆಗೆ ಕೈ ಕೊಡಲು ಬಂದ ಹೆಂಗಸರು ನಾಳೆ ಬರುತ್ತೇವೆಂದು ಹೋದರು, ಬರಲಿಲ್ಲ. ನಳದ ಹತ್ತಿರ ಯಾರೋ ಕುಷ್ಠ ಎಂದರು. ಆ ಮಾತು ಓಣಿಯ ತುಂಬ ಹರಿಯಿತು.

ಅದೇ ಹೊತ್ತಿಗೆ ಆಕೆಯ ಮಗಳಿಗೆ ರಾಮದುರ್ಗದ ಸಂಬಂಧ ಕೂಡಿಬಂದಿತ್ತು. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಆತ ಚಾಚಿಯನ್ನು ಹಿಂದಿನ ಖೋಲಿಗೆ ಕಳಿಸಿದ. ತಾಟು, ಚರಿಗೆ ಬೇರೆ ಮಾಡಿಸಿದ. ಬೀಗರಿಗೆ, ಹುಡುಗಿಯ ತಾಯಿ ಸವದತ್ತಿಯ ತವರಿಗೆ ಹೋಗಿದ್ದಾಳೆ, ಅಲ್ಲಿ ಮುದುಕಿಗೆ ಆರಾಮಿಲ್ಲ ಎಂದು ಹೇಳಿಬಿಟ್ಟ.

ನಿಶ್ಚಯದ ದಿನ ನಾನು ರಜೆಗೆ ಬಂದಿದ್ದೆ. ಚಾಚಿಯನ್ನು ಮಾತಾಡಿಸಲು ಹಿಂದಿನ ಖೋಲಿಗೆ ಹೋಗಿ ಕುಳಿತಿದ್ದಾಗಲೇ ಬೀಗರ ಗಾಡಿ ಬಂತು. ಹೊರಗಿನಿಂದ ಚಿಲಕ ಬಿತ್ತು. ನಾನೂ ಒಳಗೇ ಉಳಿದೆ. ಆ ಖೋಲಿಗೆ ಕಿಟಕಿ ಇರಲಿಲ್ಲ. ಹಂಚಿನ ನಡುವೆ ಕೂರಿಸಿದ ಗಾಜಿನಿಂದ ಒಂದಿಷ್ಟು ಬೆಳಕು. ಸೆಕೆ. ಕೆಮ್ಮುವ ಹಾಗಿಲ್ಲ. ಪಡಸಾಲೆಯಲ್ಲಿ ಬೇರೆ ಯಾರೋ ಬಳೆಗಾರತಿ ಹುಡುಗಿಗೆ ಬಳೆ ಇಡುತ್ತಿದ್ದಳು. ಒಂದು ಬಳೆ ಒಡೆದ ಸದ್ದು ಕೇಳಿತು. ಮತ್ತೊಂದು ಒಡೆಯಿತು. ಗೋಡೆಗೆ ಕಿವಿ ಹಚ್ಚಿದ್ದ ಚಾಚಿ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: “ಅಕಿ ಎಡಗೈ ಬಿಗಿ ಐತಿ ಬೇಟಿ. ಹೆಬ್ಬಟ್ಟ ಒಳಗ ಮಡಚಿ ಏರಸಬೇಕು.”

ಯಾರಿಗೆ ಹೇಳುವುದು? ತನ್ನ ಸೀಳಿದ ಕೈಗಳನ್ನು ತಾನೇ ಹಿಸುಕಿಕೊಳ್ಳುತ್ತ ಕುಳಿತಳು.

ಮರುವಾರ ಚಾಚಿಯ ಗಂಡನನ್ನು ಒಪ್ಪಿಸಿ ಆಕೆಯನ್ನು ನಮ್ಮ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಮೊಣಕೈಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ಸ್ಲೈಡ್ ತಯಾರಾದ ಮೇಲೆ ನಮ್ಮ ಪ್ರೊಫೆಸರ್ ನನ್ನನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತ ಮಾಗಿ, ತನ್ನ ಕೋಶಕೇಂದ್ರ ಕಳೆದುಕೊಂಡು, ಒಣಗಿ ಉದುರಬೇಕು. ಅದಕ್ಕೆ ವಾರಗಳೇ ಬೇಕು. ಇಲ್ಲಿ ಅವು ಮಾಗುವ ಮೊದಲೇ, ಕೇಂದ್ರವನ್ನು ಹೊತ್ತುಕೊಂಡೇ, ಮೇಲಕ್ಕೆ ಓಡಿಬಂದು ಪದರಪದರವಾಗಿ ಗುಡ್ಡೆ ಬಿದ್ದಿದ್ದವು. ಚರ್ಮದ ಮೇಲ್ಪದರ ಬೆರಳುಗಳಂತೆ ಕೆಳಕ್ಕೆ ಉದ್ದುದ್ದ ಇಳಿದಿತ್ತು. ಹೊಟ್ಟಿನ ನಡುವೆ ಬಿಳಿ ರಕ್ತಕಣಗಳ ಪುಟ್ಟ ಗುಂಪುಗಳು. ನರಗಳ ಸುತ್ತ ಉರಿಯೂತವಿಲ್ಲ. ಕುಷ್ಠದ ರೋಗಾಣು ಹುಡುಕುವ ಬಣ್ಣ ಹಾಕಿದರೂ ಒಂದೂ ಕಾಣಲಿಲ್ಲ. ಇದು ಸೋರಿಯಾಸಿಸ್. ದೇಹದ ಕಾವಲು ಪಡೆ ತನ್ನ ಚರ್ಮದ ಮೇಲೆಯೇ ಎದ್ದು ನಿಲ್ಲುವ ರೋಗ.

ನಾನು ಹಿಗ್ಗಿ ಓಡಿಹೋಗಿ ಹೇಳಿದೆ: ಕುಷ್ಠ ಅಲ್ಲ, ಯಾರಿಗೂ ಅಂಟುವುದಿಲ್ಲ, ಮುಲಾಮಿನಿಂದ ಹತೋಟಿಗೆ ಬರುತ್ತದೆ, ಆದರೆ ಆಗಾಗ ಮರಳಿ ಬರಬಹುದು.

ಚಾಚಿ ಕೇಳಿದಳು: “ಕುಷ್ಠ ಆಗಿದ್ರ?”

“ಅದಕ್ಕ ಗುಳಿಗಿ ಅದಾವ ಚಾಚಿ. ಪೂರಾ ತಗೊಂಡ್ರ ವಾಸಿ ಆಗತೈತಿ.”

“ಹಂಗಾರ ಅದಾರ ಆಗಬಾರದಿತ್ತೇನ,” ಎಂದಳು.

ಮನೆಯಲ್ಲಿ ಚಾಚಿಯ ಭಾವ ನನ್ನ ಮಾತನ್ನು ನಂಬಿದ. ಆದರೆ ಬೀಗರಿಗೆ ಹೇಳಿದ ಸುಳ್ಳನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು? ಮದುವೆ ಮುಗಿಯಲಿ ಎಂದ. ಚಿಲಕ ತೆಗೆಸಿದ, ಆದರೆ ಹೊರಗೆ ಬರಬೇಡ ಎಂದು ಕೈಮುಗಿದ. ಮದುವೆಯ ದಿನ ಮಗಳು ಹೊರಡುವ ಮುಂಚೆ ಹಿತ್ತಲಿನಿಂದ ಸುತ್ತಿ ಬಂದು ತಾಯಿಯ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಹೊರಗೆ ಯಾರೋ ಕೂಗಿದರು. ಹೋದಳು.

ಮದುವೆಯಾದ ಮೇಲೂ ಚಾಚಿ ಪಡಸಾಲೆಗೆ ಬರಲಿಲ್ಲ. ಮುಲಾಮು ಹಚ್ಚಿ ಅಂಗೈ ಎಷ್ಟೋ ಮೆತ್ತಗಾಗಿತ್ತು. ಕದ ತೆರೆದೇ ಇದೆಯಲ್ಲ ಎಂದರೆ, “ಕದಾ ತಗದೈತಿ ಬೇಟಿ, ಯಾರ್ ಕೈ ಕೊಡತಾರ?” ಎಂದಳು. ನಾನು ಕೈ ಚಾಚಿದೆ. ಒಂದು ಡಜನ್ ಇಟ್ಟಳು, ಒಂದೂ ಒಡೆಯಲಿಲ್ಲ. ನನ್ನ ಹಿಂದೆ ಯಾರೂ ಬರಲಿಲ್ಲ...

ಕಳೆದ ತಿಂಗಳ ಆ ಪ್ರಯಾಣ ಆಕೆಯ ಮಣ್ಣಿಗೆ. ಹೃದಯಾಘಾತ ಎಂದರು. ನಾನು ತಲುಪುವಷ್ಟರಲ್ಲಿ ಒಯ್ದುಬಿಟ್ಟಿದ್ದರು. ರಾಮದುರ್ಗದಿಂದ ಬಂದಿದ್ದ ಮಗಳು ನನ್ನನ್ನು ಹಿತ್ತಲಿಗೆ ಕರೆದು, ಸುತ್ತ ನೋಡಿ, ಉಡುಪಿನ ತೋಳು ಮೇಲೆ ಸರಿಸಿದಳು. ಮೊಣಕೈಯ ಮೇಲೆ ರೂಪಾಯಿಯಗಲದ ಮಚ್ಚೆ, ಬಿಳಿ ಹೊಟ್ಟು.

“ಮನ್ಯಾಗ ಯಾರಿಗೂ ತೋರ್ಸಿಲ್ಲ ಅಕ್ಕಾ. ತೋರ್ಸಿದ್ರ ನನಗೂ ಒಂದ್ ಖೋಲಿ ಮಾಡತಾರ.”

ಇದು ಕೆಲವು ಮನೆತನಗಳಲ್ಲಿ ಬರುತ್ತದೆ ಎಂದು ನಾನೇ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈಗ ಒಳ್ಳೆಯ ಔಷಧಗಳಿವೆ, ನನ್ನ ಆಸ್ಪತ್ರೆಗೇ ಬಾ ಎಂದೆ. ನೆವ ಹುಡುಕಿಕೊಂಡು ಬರುತ್ತೇನೆ ಎಂದು ತೋಳು ಇಳಿಸಿಕೊಂಡಳು.

ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಅವಳ ಅತ್ತೆ ಎತ್ತುತ್ತಾಳೆ. ಯಾರು ಎಂದು ಕೇಳುತ್ತಾಳೆ. ಗೆಳತಿ ಎನ್ನುತ್ತೇನೆ, ಡಾಕ್ಟರ್ ಎನ್ನುವುದಿಲ್ಲ.