ಗೀರು ಹಾಕುವ ನೀಲವ್ವ

ಬೈಲಹೊಂಗಲದ ಆ ರೆಸಿಸ್ಟರ್ ಕಾರ್ಖಾನೆಯಲ್ಲಿ ನೀಲವ್ವನಿಗೆ ಹೆದರದೇ ಇರುವುದೆಂದರೆ ಎಂಟುನೂರೈವತ್ತು ಡಿಗ್ರಿಯ ಭಟ್ಟಿಯೊಂದೇ. ಪಿಂಗಾಣಿ ಬಿಲ್ಲೆಯ ಮೇಲೆ ಕರಿ ಪೇಸ್ಟು ಅಚ್ಚೊತ್ತಿ, ಆ ಭಟ್ಟಿಯಲ್ಲಿ ಸುಟ್ಟು ತಂದುಕೊಟ್ಟರೆ, ಲೇಸರಿನಿಂದ ಅದಕ್ಕೆ ಗೀರು ಹಾಕಿ ಓಮ್, ಅಂದರೆ ಕರೆಂಟ್ ತಡೆಯುವ ಅಳತೆ, ಸರಿಹೊಂದಿಸುವುದು ಇವಳ ಕೆಲಸ. ಗೀರು ಉದ್ದವಾದಷ್ಟೂ ಓಮ್ ಏರುತ್ತದೆ. ಏರಿದ್ದನ್ನು ಇಳಿಸುವ ಉಪಾಯ ಬ್ರಹ್ಮನಪ್ಪನಿಗೂ ಗೊತ್ತಿಲ್ಲ. ಅದಕ್ಕೇ ಅಚ್ಚಿನವರು ಬೇಕಂತಲೇ ಓಮ್ ಕಡಿಮೆ ಇಟ್ಟು ಕಳಿಸುತ್ತಾರೆ, ಇವಳು ಕೂದಲೆಳೆಯಷ್ಟು ಕೊಯ್ದು, ಮೀಟರ್ ನೋಡಿ, ಮತ್ತೆ ಕೊಯ್ಯುತ್ತಾಳೆ. ಸೂಪರ್‌ವೈಸರ್ ಬಾಳಕೃಷ್ಣ ಅವಸರ ಮಾಡಿದನೋ, ಸತ್ತ: "ಸಾಹೇಬ್ರ, ಆಳಕ್ಕ ಕೊಯ್ದ್ರ ಉಳದ ಸಣ್ಣ ಹಾದ್ಯಾಗ ಕರೆಂಟ್ ನುಗ್ಗಿ ಸುಟ್ಟ ಹೊಕ್ಕೈತ್ರಿ, ನಿಮ್ಮ ತಲಿ ಸುಟ್ಟಾಂಗ!" ಬಿಲ್ಲೆಯ ಮೇಲೆ ಇಷ್ಟು ಬಿಗಿಹಿಡಿದ ಕೈಯವಳಿಗೆ ನಾಲಿಗೆ ಮಾತ್ರ ಹಿಡಿತಕ್ಕೆ ಬಂದದ್ದಿಲ್ಲ. ಬಸುರಿ ಮಗಳು ವಿಜಯಳ ಕುಬಸದ ಊಟದಲ್ಲಿ, ಬೀಗರೆದುರೇ, ಅಳಿಯನನ್ನು "ತಮ್ಮವ್ವ ಅಂದಿದ್ದಕ್ಕೆಲ್ಲಾ ಗೋಣ ಹಾಕೋ ಕೋಲೆಬಸವ" ಎಂದುಬಿಟ್ಟಳು. ಅಂದಿನಿಂದ ಸುರೇಬಾನದ ಗಂಡನ ಮನೆಯಲ್ಲಿರುವ ಮಗಳು ಫೋನ್ ಎತ್ತುವುದೇ ಅಪರೂಪ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವ ಮಾತಂತೂ ಇಲ್ಲವೇ ಇಲ್ಲ. ಇಂದು ಚಹಾದ ಹೊತ್ತಿನಲ್ಲಿ ಅಪ್ಪಿತಪ್ಪಿ ಎತ್ತಿದಾಗ ನೀಲವ್ವ, "ಉಂಡಿಯೇನವ್ವಾ? ಅಳಿಯಂದ್ರು, ಬೀಗತೇರು ಆರಾಮ ಅದಾರೇನ?" ಎಂದಷ್ಟೇ ಕೇಳಿ, ಬಾಯಿಗೆ ಬಂದ ಉಳಿದದ್ದನ್ನೆಲ್ಲ ಸುಡುವ ಚಹಾದ ಜೊತೆ ನುಂಗಿದಳು. ಆ ಕಡೆಯಿಂದ ವಿಜಯಳ ಗಾಬರಿಯ ದನಿ: "ಯವ್ವಾ, ಇಷ್ಟ ಮೆತ್ತಗ ಯಾಕ ಮಾತಾಡಾಕತ್ತಿ? ಖರೇ ಹೇಳ, ಡಾಕ್ಟರ್ ಏನಂದ್ರು ನಿನಗ? ತಡಿ, ನಾಳಿ ಮುಂಜಾನಿ ಬಸ್ಸಿಗೇ ಬರತೇನಿ."