ಕೋಕೋ ಸಿಪ್ಪೆಯ ಕಷಾಯ

ಇಬಿರೊಂಕೆ ಪದವಿ ಓದಿದವಳಲ್ಲ. ಒಂಡೊ ಪಟ್ಟಣದ ಕಾಲೇಜಿಗೆ ಗಾಜಿನ ಪಾತ್ರೆ ತೊಳೆಯಲು ಸೇರಿದವಳು, ಹನ್ನೊಂದು ವರ್ಷದಲ್ಲಿ ಇಡೀ ಪ್ರಯೋಗಾಲಯವನ್ನೇ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಬೀಜ ತೆಗೆದು ಎಸೆದ ಕೋಕೋ ಸಿಪ್ಪೆಯನ್ನು ಒಣಗಿಸಿ, ಕುಟ್ಟಿ, ಕುದಿಸಿ, ಸೋಸುವುದು. ಅದಕ್ಕೆ ಬೆಳ್ಳಿಯ ಉಪ್ಪು ಕರಗಿಸಿದ ನೀರು ಬೆರೆಸುವುದು. ತಿಳಿಹಳದಿ ನೀರು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿದರೆ ಬೆಳ್ಳಿಯ ನ್ಯಾನೊ ಕಣಗಳು ಹುಟ್ಟಿದವೆಂದೇ ಲೆಕ್ಕ. ವಿಷದ ರಾಸಾಯನಿಕವೇ ಬೇಡ, ಎಲ್ಲ ಹಸಿರು ಎಂದು ಪ್ರಯೋಗಾಲಯ ನಡೆಸುವ ಮೇಷ್ಟ್ರು ಸಭೆಗಳಲ್ಲಿ ಭಾಷಣ ಬಿಗಿಯುತ್ತಿದ್ದರು. ಅಲ್ಲ ಸ್ವಾಮಿ, ಕೈಗೆ ತಾಗಿದರೆ ಬಿಸಿಲಿಗೆ ಕಪ್ಪು ಕಲೆ ಕಟ್ಟುವ ಬೆಳ್ಳಿಯ ಉಪ್ಪೇನು ಸಾರಿಗೆ ಹಾಕುವ ಉಪ್ಪೇ? ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ವಾರಕ್ಕೊಂದು ಚೀಲ ಸಿಪ್ಪೆ ತಂದುಕೊಡುತ್ತಿದ್ದವಳು ಅವಳ ತಾಯಿ ಅಬೆಬಿ. ಬಸ್ ನಿಲ್ದಾಣದಲ್ಲಿ ಅಗ್ಬೊ ಮಾರುವುದು ಆಕೆಯ ಕಸುಬು. ಬೇರು, ತೊಗಟೆ ಕುದಿಸಿದ ಕಹಿ ಕಷಾಯ ಅದು. ಹಳೆಯ ನೀರಿನ ಬಾಟಲಿಗಳಲ್ಲಿ ತುಂಬಿಡುತ್ತಿದ್ದಳು.

"ನೀನೂ ಕುದಿಸ್ತೀಯ, ನಾನೂ ಕುದಿಸ್ತೀನಿ. ನಿಂಗೆ ಸಂಬಳ, ನಂಗೆ ಮಂಡಿನೋವು. ಯಾವೂರ ನ್ಯಾಯ ಕಣೇ ಇದು?" ಎಂದು ಬಾಗಿಲಲ್ಲೇ ರಾಗ ಎಳೆಯುತ್ತಿದ್ದಳು.

"ಮೆತ್ತಗೆ ಮಾತಾಡವ್ವ, ಮೇಷ್ಟ್ರಿಗೆ ಕೇಳಿಸುತ್ತೆ."

ಅಗ್ಬೊ ಮಾರುವವಳ ಮಗಳೆಂದು ನಾಲ್ಕು ಜನಕ್ಕೆ ತಿಳಿಯುವುದು ಇಬಿರೊಂಕೆಗೆ ನಾಚಿಕೆ. ಹಾಗಾಗಿ ತಾಯಿಯನ್ನು ಬೇಗ ಬೇಗ ಸಾಗಹಾಕುತ್ತಿದ್ದಳೇ ಹೊರತು, ತಾನು ಕುದಿಸುವುದು ಏನು, ಏತಕ್ಕೆ ಎಂದು ಒಂದು ದಿನವೂ ಬಿಡಿಸಿ ಹೇಳಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಮೇಷ್ಟ್ರು, ಬೆಳ್ಳಿಯ ಉಪ್ಪನ್ನು ನೂರು ಪಟ್ಟು ಗಟ್ಟಿಯಾಗಿ ಬೆರೆಸಿ ನೋಡು ಎಂದರು. ಗಾಜಿನ ಸೀಸೆಗಳೆಲ್ಲ ತುಂಬಿಹೋಗಿದ್ದವು. ಬೆರೆಸಿದ ಕಷಾಯವನ್ನು, ತೊಳೆದಿಟ್ಟಿದ್ದ ಹಳೆಯ ನೀರಿನ ಬಾಟಲಿಯೊಂದಕ್ಕೆ ಸುರಿದಳು. ಅಷ್ಟರಲ್ಲಿ ಮೇಷ್ಟ್ರು ಕರೆದರು. ಚೀಟಿ ಆಮೇಲೆ ಅಂಟಿಸಿದರಾಯಿತು ಎಂದು ಕೈಗೆ ಸಿಕ್ಕ ಜಾಗದಲ್ಲಿ ಇಟ್ಟು ಓಡಿದಳು. ಆ ಜಾಗ ಯಾವುದು? ತಾಯಿ ಬಂದಾಗ ಒಯ್ಯಲೆಂದು ಬಾಗಿಲ ಬಳಿ ಮಡಿಸಿಟ್ಟಿದ್ದ ಖಾಲಿ ಚೀಲದ ಮೇಲೆ.

ಅರ್ಧ ಗಂಟೆಯ ನಂತರ ಬಂದು ನೋಡಿದರೆ, ತುಂಬಿದ ಸಿಪ್ಪೆಯ ಚೀಲ ಅಲ್ಲಿತ್ತು. ಖಾಲಿ ಚೀಲವೂ ಇಲ್ಲ, ಬಾಟಲಿಯೂ ಇಲ್ಲ.

ತಾಯಿ ಬಂದು ಎರಡನ್ನೂ ಒಯ್ದಿದ್ದಳು. ಗಂಟಲು ಸುಡುವ ನೀರು ಅದು, ಕರುಳನ್ನೂ ಬಿಡುವುದಿಲ್ಲ. ನಿಲ್ದಾಣದಲ್ಲಿ ಡ್ರೈವರುಗಳು ನೀರು ಕುಡಿದಂತೆ ಅಗ್ಬೊ ಕುಡಿಯುತ್ತಾರೆ, ಬಸುರಿಯರೂ ಬರುತ್ತಾರೆ. ಬಾಡಿಗೆ ಬೈಕು ಹತ್ತಿ, "ಬೇಗ ಹೊಡಿಯಪ್ಪ, ಬೇಗ!" ಎಂದು ದಾರಿಯುದ್ದಕ್ಕೂ ಅವನ ಬೆನ್ನಿಗೆ ಗುದ್ದಿದಳು. ಯಾರು ಕುಡಿದರೂ ಕೊಂದವಳು ತಾನೇ.

ಅಬೆಬಿಯ ಸುತ್ತ ಆಗಲೇ ನಾಲ್ಕೈದು ಜನ ನಿಂತಿದ್ದರು. ಒಬ್ಬ ಡ್ರೈವರು ಲೋಟವನ್ನು ತುಟಿಗೆ ಇಟ್ಟಿದ್ದ. ಇಬಿರೊಂಕೆ ಅದನ್ನು ಹೊಡೆದು ಬೀಳಿಸಿದಳು.

"ಏನಮ್ಮ ಇದು? ಕಾಲೇಜಿನವ್ರಿಗೆ ನಮ್ಮ ಕಷಾಯ ಕಂಡ್ರೆ ಅಷ್ಟು ಹೊಟ್ಟೆಕಿಚ್ಚಾ?" ಎಂದು ಅವನು ರೇಗಿದ.

"ಅವ್ವಾ, ನನ್ನ ಬಾಟ್ಲಿ ಎಲ್ಲಿ? ಯಾರಿಗೆ ಕೊಟ್ಟೆ? ಹೇಳವ್ವಾ!"

"ಯಾರಿಗೂ ಕೊಟ್ಟಿಲ್ಲ ಕಣೇ. ಯಾಕ್ ಹಿಂಗೆ ಹುಚ್ಚಿ ಥರ ಆಡ್ತೀಯ?"

ಇಬಿರೊಂಕೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತಳು. ದೇವರು ದೊಡ್ಡವನು, ಬದುಕಿಕೊಂಡೆ ಎಂದು ಅಳುವೂ ಬಂತು, ನಗುವೂ ಬಂತು. ಹಾಗೇ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಅಬೆಬಿಯ ತುಟಿಯ ಅಂಚು ಬಿಸಿಲಿಗೆ ಕಪ್ಪಗಾಗುತ್ತಿತ್ತು.

"ಅದನ್ನ ಮಾರ್ತೀನೇನೇ? ನನ್ನ ಚೀಲದ ಮೇಲೆ ಇಟ್ಟಿದ್ಯಲ್ಲ. ಮಂಡಿನೋವು ಅಂತ ಇಷ್ಟು ವರ್ಷ ಬಡ್ಕೊಂಡಿದ್ದಕ್ಕೆ ಮಗಳು ತನ್ನ ಕೈಯಾರೆ ಕುದಿಸಿಟ್ಟಿದಾಳೆ, ಬೇರೆಯವ್ರಿಗೆ ಯಾಕೆ ಕೊಡ್ಲಿ? ಕೂತಲ್ಲೇ ಕುಡ್ದೆ. ಒಂದು ತೊಟ್ಟೂ ಬಿಡ್ಲಿಲ್ಲ," ಎಂದಳು ಅಬೆಬಿ. ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. "ಒಗರು ಜಾಸ್ತಿಯಾಯ್ತು ನೋಡು. ಬಾ, ಎಷ್ಟು ಕುದಿಸ್ಬೇಕು ಅಂತ ಹೇಳ್ಕೊಡ್ತೀನಿ."